ಬ್ರಿಸ್ಬೇನ್ ಬ್ರಾಂಕೋಸ್, 2020: ಕೊನೆಯ ಸ್ಥಾನಕ್ಕೆ ಬಿದ್ದದ್ದು ಹೇಗೆ

ಮೊದಲು ಅಂಕಪಟ್ಟಿ ನೋಡಿಬಿಡೋಣ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಕ್ಲಬ್‌ಗಳು ಆಡುವ ವೃತ್ತಿಪರ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್. ಅದರ 2020ರ ಸೀಸನ್‌ನಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ಆಡಿದ್ದು 20 ಪಂದ್ಯ, ಗೆದ್ದದ್ದು 3, ಸೋತದ್ದು 17. ಗಳಿಸಿದ ಅಂಕ 268, ಬಿಟ್ಟುಕೊಟ್ಟದ್ದು 624. ಪಂದ್ಯಕ್ಕೆ ಸರಾಸರಿ 31 ಅಂಕ ಬಿಟ್ಟುಕೊಟ್ಟ ಹಾಗಾಯಿತು. 16 ತಂಡಗಳಲ್ಲಿ 16ನೇ ಸ್ಥಾನ.

ಬಡ ಕ್ಲಬ್ಬೊಂದಕ್ಕೆ ಹೀಗಾಗಿದ್ದರೆ ಯಾರೂ ಇಷ್ಟು ಮಾತಾಡುತ್ತಿರಲಿಲ್ಲ. ಬ್ರಾಂಕೋಸ್ 1988ರಲ್ಲಿ ಶುರುವಾದ ಕ್ಲಬ್. 1992, 1993, 1998, 2000, 2006, ಜೊತೆಗೆ 1997ರಲ್ಲಿ ಬೇರೆಯಾಗಿ ನಡೆದ ಸೂಪರ್ ಲೀಗ್ ಟೂರ್ನಿ, ಹೀಗೆ ಆರು ಪ್ರಶಸ್ತಿ ಗೆದ್ದಿತ್ತು. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ, ಮಾಧ್ಯಮ ಸಂಸ್ಥೆ ನ್ಯೂಸ್ ಕಾರ್ಪ್ ಅದರ ದೊಡ್ಡ ಪಾಲುದಾರ, 52,500 ಜನ ಹಿಡಿಸುವ ಸನ್‌ಕಾರ್ಪ್ ಸ್ಟೇಡಿಯಂ ಅದರ ತವರು ಮೈದಾನ. ಹಿಂದಿನ 32 ಸೀಸನ್‌ಗಳಲ್ಲಿ ಒಮ್ಮೆಯೂ ಕೊನೆಯ ಸ್ಥಾನದ ‘ವುಡನ್ ಸ್ಪೂನ್’ ಹಣೆಪಟ್ಟಿ ಅಂಟಿಸಿಕೊಂಡಿರಲಿಲ್ಲ.

ಈ 17 ಸೋಲುಗಳನ್ನು ಒಂದೇ ರಾಶಿಗೆ ಹಾಕಬೇಡಿ. ನಾಲ್ಕನ್ನು ಬೇರೆ ಎತ್ತಿಡಿ. ಸಿಡ್ನಿ ರೂಸ್ಟರ್ಸ್ ಎದುರು ಜೂನ್ 4ರಂದು 59-0. ವೆಸ್ಟ್ಸ್ ಟೈಗರ್ಸ್ ಎದುರು 48-0. ಮೆಲ್ಬರ್ನ್ ಸ್ಟಾರ್ಮ್ ಎದುರು 46-8. ಮತ್ತೆ ರೂಸ್ಟರ್ಸ್ ಎದುರು 58-12. ನಾಲ್ಕರ ಅಂತರ ಕೂಡಿದರೆ 191 ಆಗುತ್ತದೆ. ಇಡೀ ಸೀಸನ್ನಿನ ಅಂತರ 356. ಅಂದರೆ ಅರ್ಧಕ್ಕಿಂತ ಹೆಚ್ಚು ನಷ್ಟ ನಾಲ್ಕೇ ಪಂದ್ಯಗಳಲ್ಲಿ ಆಗಿದೆ. ಇದು ಬರೀ ಲೆಕ್ಕದ ಕುತೂಹಲ ಅಂದುಕೊಳ್ಳಬೇಡಿ. ಆ ವರ್ಷ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಕೂಡ 3 ಗೆದ್ದು 17 ಸೋತಿತ್ತು. ಜುಲೈನಲ್ಲಿ ಬ್ರಾಂಕೋಸ್ ಅದನ್ನು 26-8ರಿಂದ ಸೋಲಿಸಿಯೂ ಇತ್ತು. ಆದರೂ ಬುಲ್‌ಡಾಗ್ಸ್ 15ನೇ ಸ್ಥಾನಕ್ಕೆ ನಿಂತಿತು, ಬ್ರಾಂಕೋಸ್ 16ಕ್ಕೆ ಇಳಿಯಿತು. ಇಬ್ಬರ ನಡುವೆ ತೀರ್ಪು ಕೊಟ್ಟದ್ದು ಅಂಕಗಳ ಅಂತರ. ಹಾಗಾಗಿ ತಂಡ ಯಾಕೆ ಸೋತಿತು ಎಂಬ ಪ್ರಶ್ನೆಗಿಂತ, ಸೋಲುವಾಗ ಯಾಕೆ ಅಷ್ಟು ದೊಡ್ಡದಾಗಿ ಸೋಲುತ್ತಿತ್ತು ಎಂಬ ಪ್ರಶ್ನೆಯನ್ನು ಹಿಡಿದುಕೊಂಡರೆ ಉತ್ತರ ಬೇಗ ಸಿಗುತ್ತದೆ.

ಕ್ರಿಕೆಟ್ ಮಾತ್ರ ನೋಡಿ ಬೆಳೆದವರಿಗಾಗಿ ಆಟದ ನಿಯಮ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಕಡೆಗೆ 13 ಮಂದಿ, ಬೆಂಚಿನಲ್ಲಿ ಆಗ ನಾಲ್ವರು, 80 ನಿಮಿಷಕ್ಕೆ ಎಂಟು ಬದಲಾವಣೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 4 ಅಂಕ. ಆಮೇಲಿನ ಕನ್ವರ್ಷನ್‌ಗೆ 2, ಪೆನಾಲ್ಟಿ ಗೋಲಿಗೆ 2. ಆಟದ ನಡುವೆ ಚೆಂಡನ್ನು ಪುಟಿಸಿ ಒದ್ದು ಕಂಬಗಳ ನಡುವೆ ದಾಟಿಸಿದರೆ ಫೀಲ್ಡ್ ಗೋಲ್, ಅದಕ್ಕೆ ಆಗ 1 ಅಂಕ. 59 ಎಂಬ ಬೆಸ ಸಂಖ್ಯೆ ಕಂಡಿರಲ್ಲ, ಅದರಲ್ಲಿ ಫೀಲ್ಡ್ ಗೋಲ್ ಸೇರಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಅದಕ್ಕೆ ಒಂದು ಸೆಟ್ ಅನ್ನುತ್ತಾರೆ. ಐದು ಟ್ಯಾಕಲ್ ಆದಮೇಲೆ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಯನ್ನು ಅವನ ಮೂಲೆಗೆ ಕಳಿಸುತ್ತಾರೆ. ಪ್ರತಿ ಟ್ಯಾಕಲ್ ಆದಮೇಲೂ ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಇದು ಪ್ಲೇ-ದ-ಬಾಲ್. ಹಿಂದೆ ಅದನ್ನು ಎತ್ತಿಕೊಳ್ಳುವವನು ಡಮ್ಮಿ-ಹಾಫ್, ಹೆಚ್ಚಿನ ಸಲ ಹುಕರ್ ಸ್ಥಾನದ ಆಟಗಾರ. ರಕ್ಷಿಸುವ ತಂಡದಿಂದ ಇಬ್ಬರು ಮಾತ್ರ ಎದುರು ನಿಲ್ಲಬಹುದು, ಅವರು ಮಾರ್ಕರ್‌ಗಳು. ಉಳಿದವರೆಲ್ಲ 10 ಮೀಟರ್ ಹಿಂದೆ ಹೋಗಿ ಸಾಲು ಕಟ್ಟಬೇಕು. ಈ ಇಡೀ ಜಾಗಕ್ಕೆ ರಕ್ ಎಂಬ ಹೆಸರು. ಬ್ರಾಂಕೋಸ್ ಆ ವರ್ಷ ಸೋತದ್ದು ಇಲ್ಲಿ.

ಒಂದು ಟ್ಯಾಕಲನ್ನು ಹತ್ತಿರದಿಂದ ನೋಡೋಣ. ನೂರು ಕಿಲೋಗಿಂತ ಹೆಚ್ಚು ತೂಗುವ ಪ್ರಾಪ್ (ಮುಂದಿನ ಸಾಲಿನ ದೈತ್ಯ ಆಟಗಾರ) ಒಬ್ಬ ಹತ್ತು ಮೀಟರ್ ಓಡಿಕೊಂಡು ಬರುತ್ತಿದ್ದಾನೆ. ಒಳ್ಳೆಯ ರಕ್ಷಣೆಯಲ್ಲಿ ಮೂವರಿಗೆ ಮೂರು ಕೆಲಸ. ಮೊದಲು ತಲುಪಿದವನು ಎದೆಗೆ ಡಿಕ್ಕಿ ಕೊಟ್ಟು ಅವನ ಓಟ ನಿಲ್ಲಿಸಬೇಕು. ಎರಡನೆಯವನು ಚೆಂಡಿರುವ ತೋಳನ್ನು ಕಟ್ಟಿಹಾಕಬೇಕು, ಇಲ್ಲವಾದರೆ ಬೀಳುತ್ತಲೇ ಪಕ್ಕದವನಿಗೆ ಚೆಂಡು ದಾಟಿಸಿಬಿಡುತ್ತಾನೆ. ಮೂರನೆಯವನು ತೊಡೆಗೆ ಇಳಿದು ಕಾಲು ಕೂಡಿಸಿ ಬೀಳಿಸಬೇಕು. ಕಬಡ್ಡಿ ಆಡಿದವರಿಗೆ ಇದು ಬೇಗ ಹತ್ತುತ್ತದೆ: ರೈಡರನ್ನು ಬರೀ ಮೇಲಿಂದ ತಬ್ಬಿದರೆ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ, ತೊಡೆಯೋ ಪಾದವೋ ಕೈಗೆ ಸಿಕ್ಕರೆ ನಿಲ್ಲುತ್ತಾನೆ. ಮೂರನೆಯವನು ಸರಿಯಾದ ಸಮಯಕ್ಕೆ ಬಂದರೆ ಪ್ರಾಪ್ ಬೆನ್ನ ಮೇಲೆ ಬೀಳುತ್ತಾನೆ. ಬೆನ್ನ ಮೇಲೆ ಬಿದ್ದವನು ಮಗ್ಗುಲು ತಿರುಗಿ, ಮಂಡಿಯೂರಿ, ಎದ್ದು ಚೆಂಡು ಆಡಬೇಕು. ಅಷ್ಟರಲ್ಲಿ ರಕ್ಷಣೆಯ ಸಾಲು ಹಿಂದೆ ಹೋಗಿ ತಿರುಗಿ ನಿಂತಿರುತ್ತದೆ.

ಮೂರನೆಯವನು ತಡಮಾಡಿದರೆ? ಪ್ರಾಪ್ ಹೊಟ್ಟೆಯ ಮೇಲೆ, ಮೊಣಕೈ ಮೊಣಕಾಲು ಊರಿಕೊಂಡು ಬೀಳುತ್ತಾನೆ. ಎರಡು ಮೂರು ಸೆಕೆಂಡಿನಲ್ಲಿ ಚೆಂಡು ಹಿಂದಕ್ಕೆ ಉರುಳಿ ಆಗಿರುತ್ತದೆ. ಮಾರ್ಕರ್ ಇನ್ನೂ ನೆಲದಿಂದ ಏಳುತ್ತಿದ್ದಾನೆ, ಸಾಲಿನವರು ಇನ್ನೂ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದಾರೆ. ಹುಕರ್ ಚೆಂಡೆತ್ತಿ ಮಾರ್ಕರ್‌ಗಳ ಪಕ್ಕದಿಂದಲೇ ಓಡುತ್ತಾನೆ. ಎಂಟು ಹತ್ತು ಮೀಟರ್ ಪುಕ್ಕಟೆ ಸಿಕ್ಕಿತು. ಮುಂದಿನ ಟ್ಯಾಕಲ್ ಮಾಡುವವನು ಓಡಿಹೋಗಿ ಹಿಂದಿನಿಂದ ಹಿಡಿಯಬೇಕು, ಆ ಹಿಡಿತ ಇನ್ನೂ ಸಡಿಲ, ಮುಂದಿನ ಪ್ಲೇ-ದ-ಬಾಲ್ ಇನ್ನೂ ವೇಗ. ಇಂಥ ಎರಡು ಆದರೆ ಸಾಲಿನ ಒಳಗಿನವರು ರಕ್‌ನ ಹತ್ತಿರ ಒತ್ತಿಕೊಳ್ಳುತ್ತಾರೆ, ಅಂಚಿನಲ್ಲಿ ಮೂವರು ನಾಲ್ವರನ್ನು ಕಾಯಬೇಕಾಗುತ್ತದೆ. ಎದುರಾಳಿಯ ಆಟ ನಡೆಸುವ ಹಾಫ್‌ಬ್ಯಾಕ್ ಚೆಂಡನ್ನು ಆ ಕಡೆಗೆ ದಾಟಿಸುತ್ತಾನೆ, ಅಂಚನ್ನು ಕಾಯುತ್ತಿದ್ದ ಸೆಂಟರ್ ಗಾಬರಿಯಾಗಿ ಒಳಗೆ ನುಗ್ಗುತ್ತಾನೆ, ಎದುರಾಳಿಯ ವಿಂಗರ್ ಖಾಲಿ ಜಾಗದಲ್ಲಿ ಟ್ರೈ ಹಾಕುತ್ತಾನೆ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವುದು ಸೆಂಟರ್‌ನ ತಪ್ಪನ್ನು. ತಪ್ಪು ಶುರುವಾದದ್ದು ಮೂರು ಟ್ಯಾಕಲ್ ಹಿಂದೆ, ಮೈದಾನದ ನಟ್ಟನಡುವೆ.

ಈಗ ಒಂದು ದಿನಾಂಕ ನೆನಪಿಟ್ಟುಕೊಳ್ಳಿ: 2020ರ ಮೇ 28.

ಸೀಸನ್ ಶುರುವಾದದ್ದು ಮಾರ್ಚ್‌ನಲ್ಲಿ. ಟೌನ್ಸ್‌ವಿಲ್‌ನ ಹೊಸ ಮೈದಾನದಲ್ಲಿ ಬ್ರಾಂಕೋಸ್ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡವನ್ನು 28-21ರಿಂದ ಸೋಲಿಸಿತು. ಮುಂದಿನ ವಾರ ಪ್ರೇಕ್ಷಕರಿಲ್ಲದ ಸನ್‌ಕಾರ್ಪ್‌ನಲ್ಲಿ ಸೌತ್ ಸಿಡ್ನಿ ರ‍್ಯಾಬಿಟೋಸ್ ಎದುರು 22-18. ಎರಡಕ್ಕೆ ಎರಡೂ ಗೆಲುವು. ಅಷ್ಟರಲ್ಲಿ ಕೋವಿಡ್‌ನಿಂದ ಟೂರ್ನಿ ನಿಂತಿತು. ಮತ್ತೆ ಶುರುವಾದದ್ದು ಮೇ 28ರಂದು, ಆ ದಿನದ ಪಂದ್ಯವೇ ಬ್ರಾಂಕೋಸ್ ಮತ್ತು ಪ್ಯಾರಮಾಟಾ ಈಲ್ಸ್ ನಡುವಿನದು. ಅವತ್ತಿನಿಂದ ಎರಡು ಬದಲಾವಣೆ ಜಾರಿಗೆ ಬಂದವು. ಇಬ್ಬರು ರೆಫರಿಗಳ ಬದಲು ಒಬ್ಬರು. ಇನ್ನೊಂದು, ‘ಸಿಕ್ಸ್ ಅಗೇನ್’ ನಿಯಮ.

ಅಲ್ಲಿಯವರೆಗೆ ರಕ್‌ನಲ್ಲಿ ರಕ್ಷಕ ತಪ್ಪು ಮಾಡಿದರೆ, ಅಂದರೆ ಬಿದ್ದವನ ಮೇಲೆ ಜಾಸ್ತಿ ಹೊತ್ತು ಮಲಗಿದರೆ, ರೆಫರಿ ಶೀಟಿ ಊದಿ ಪೆನಾಲ್ಟಿ ಕೊಡುತ್ತಿದ್ದರು. ಎದುರಾಳಿಗೆ ಲಾಭವಾಗುತ್ತಿತ್ತು, ನಿಜ. ಆದರೆ ಆಟ ನಿಲ್ಲುತ್ತಿತ್ತು. ದಣಿದ ಫಾರ್ವರ್ಡ್‌ಗಳು (ಪ್ರಾಪ್, ಹುಕರ್‌ನಂಥ ಮಧ್ಯದ ಆಟಗಾರರು) ಸೊಂಟದ ಮೇಲೆ ಕೈಯಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದರು, ಕ್ಯಾಪ್ಟನ್ ಎಲ್ಲರನ್ನೂ ಕರೆದು ನಾಲ್ಕು ಮಾತು ಹೇಳುತ್ತಿದ್ದ. ಹೊಸ ನಿಯಮದಲ್ಲಿ ರೆಫರಿ ಕೈ ಬೀಸುತ್ತಾರೆ, ಟ್ಯಾಕಲ್ ಲೆಕ್ಕ ಮತ್ತೆ ಮೊದಲಿಂದ ಶುರು, ಆಟ ನಿಲ್ಲುವುದಿಲ್ಲ. ನಾಲ್ಕನೇ ಟ್ಯಾಕಲ್‌ನಲ್ಲಿ ತಪ್ಪಾಯಿತು ಅನ್ನಿ, ಇನ್ನೂ ಆರು ಬಾಕಿ. ಒಟ್ಟು ಹತ್ತು ಟ್ಯಾಕಲ್ ಒಂದೇ ಉಸಿರಿಗೆ ಮಾಡಬೇಕು. ದಣಿದವನು ಮತ್ತೆ ತಡವಾಗಿ ಏಳುತ್ತಾನೆ, ಮತ್ತೆ ಕೈ ಬೀಸುತ್ತದೆ. ಬದಲಾವಣೆಗಳು ಎಂಟೇ ಇರುವುದರಿಂದ ಕೋಚ್‌ಗೆ ದಣಿದವರನ್ನೆಲ್ಲ ಹೊರಗೆ ತೆಗೆಯಲೂ ಆಗುವುದಿಲ್ಲ.

ಅವತ್ತು ಬ್ರಾಂಕೋಸ್ 34-6ರಿಂದ ಸೋತಿತು. ನಿಯಮ ಬದಲಾಗುವ ಮೊದಲು ಎರಡಕ್ಕೆ ಎರಡು ಗೆಲುವು, ಬದಲಾದ ಮೇಲೆ 18ಕ್ಕೆ ಒಂದು. ನಿಯಮವೇ ತಂಡವನ್ನು ಮುಳುಗಿಸಿತು ಅಂತ ನಾನು ಹೇಳುತ್ತಿಲ್ಲ. ಅದೇ ನಿಯಮದಲ್ಲಿ ಉಳಿದ 15 ತಂಡಗಳೂ ಆಡಿದವು. ಆ ತಂಡದಲ್ಲಿ ಒಂದು ಕೊರತೆ ಮೊದಲೇ ಇತ್ತು, ಹೊಸ ನಿಯಮ ಅದನ್ನು ಮುಚ್ಚಿಡಲು ಬಿಡಲಿಲ್ಲ. 2019ರಲ್ಲೇ ಇದರ ಸುಳಿವು ಸಿಕ್ಕಿತ್ತು. ಆ ವರ್ಷ ಎಂಟನೇ ಸ್ಥಾನದಲ್ಲಿ ಹೇಗೋ ಫೈನಲ್ಸ್‌ಗೆ (ಮೊದಲ ಎಂಟು ತಂಡಗಳ ಪ್ಲೇಆಫ್ ಹಂತಕ್ಕೆ) ಹೋದ ತಂಡ, ಮೊದಲ ಪಂದ್ಯದಲ್ಲೇ ಇದೇ ಪ್ಯಾರಮಾಟಾ ಎದುರು 58-0ರಿಂದ ಸೋತು ಮನೆಗೆ ಬಂದಿತ್ತು.

ಆ ಕೊರತೆ ಯಾವುದು ಅಂತ ವಯಸ್ಸಿನ ಪಟ್ಟಿ ನೋಡಿದರೆ ತಿಳಿಯುತ್ತದೆ. 2020ರ ಮಧ್ಯದಲ್ಲಿ ಪೇಯ್ನ್ ಹಾಸ್‌ಗೆ 20 ವರ್ಷ, ಡೇವಿಡ್ ಫಿಫಿಟಾಗೆ 20, ಥಾಮಸ್ ಫ್ಲೆಗ್ಲರ್‌ಗೆ 20, ಕೊಟೋನಿ ಸ್ಟ್ಯಾಗ್ಸ್‌ಗೆ 21, ಪ್ಯಾಟ್ ಕ್ಯಾರಿಗನ್‌ಗೆ 22, ಹಾಫ್‌ಬ್ಯಾಕ್ ಟಾಮ್ ಡಿಯರ್ಡನ್ ಮತ್ತು ವಿಂಗರ್ ಕ್ಸೇವಿಯರ್ ಕೋಟ್ಸ್‌ಗೆ 19. ಈ ಹುಡುಗರಲ್ಲಿ ಪ್ರತಿಭೆಗೆ ಕೊರತೆ ಇತ್ತು ಅನ್ನುವವರು ಆಟ ನೋಡಿಲ್ಲ. ಹಾಸ್‌ನಂಥ ಪ್ರಾಪ್ ಅಪರೂಪ. ಆದರೆ ಕ್ಯಾಪ್ಟನ್ ಅಲೆಕ್ಸ್ ಗ್ಲೆನ್ ಗಾಯಗೊಂಡು ಹೊರಗೆ ಕೂತಾಗ ತಂಡವನ್ನು ಮುನ್ನಡೆಸಿದ್ದು ಆ 22ರ ಕ್ಯಾರಿಗನ್!

ಹೋದವರು ಯಾರು ನೋಡಿ. ಸ್ಯಾಮ್ ಥಾಯ್ಡೇ 2018ರಲ್ಲಿ ನಿವೃತ್ತ. ಜೋಶ್ ಮೆಗ್ವಾಯರ್ ಅದೇ ವರ್ಷದ ಕೊನೆಗೆ ಕೌಬಾಯ್ಸ್‌ಗೆ. ಮ್ಯಾಟ್ ಗಿಲೆಟ್ 2019ರ ಕೊನೆಗೆ ಭುಜದ ಗಾಯದಿಂದ ನಿವೃತ್ತ. 2008ರಿಂದ ಆಡುತ್ತಿದ್ದ ಹುಕರ್ ಆಂಡ್ರೂ ಮೆಕಲಕ್‌ನನ್ನು, ಟೂರ್ನಿ ನಿಂತಿದ್ದಾಗ, ನ್ಯೂಕಾಸಲ್ ನೈಟ್ಸ್‌ಗೆ ಬಿಟ್ಟುಕೊಟ್ಟರು. ಸೆಂಟರ್ ಜಾಕ್ ಬರ್ಡ್ ಸೀಸನ್ ಶುರುವಾಗುವ ಮೊದಲೇ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡು ಹೊರಗಾದರು.

ಇದರಲ್ಲಿ ಅತಿ ದುಬಾರಿಯಾದದ್ದು ಮೆಕಲಕ್ ಹೋದದ್ದು ಅಂತ ನನ್ನ ಅಭಿಪ್ರಾಯ. ಆತ ದಾಳಿಯಲ್ಲಿ ಮಿಂಚುವ ಹುಕರ್ ಅಲ್ಲ. ಅದಕ್ಕೇ ಹೊಸ ವೇಗದ ಆಟಕ್ಕೆ ಚುರುಕಿನ ಹುಡುಗ ಸಾಕು ಅನ್ನಿಸಿರಬೇಕು. ಆದರೆ ರಕ್ಷಣೆಯಲ್ಲಿ ಹುಕರ್ ನಿಲ್ಲುವುದು ಮಧ್ಯದಲ್ಲಿ. ಆ ಮೂರನೆಯವನ ಕೆಲಸ, ಕಾಲಿಗೆ ಇಳಿಯುವ ಕೆಲಸ, ದಿನವೂ ಮಾಡುವವನು ಅವನೇ. ಟ್ಯಾಕಲ್ ಮುಗಿಸಿ ಮಾರ್ಕರ್ ಆಗಿ ನೆಟ್ಟಗೆ ನಿಲ್ಲುವವನು, ಪಕ್ಕದ ಇಪ್ಪತ್ತರ ಪ್ರಾಪ್‌ಗೆ ‘ಎದ್ದೇಳು, ಎಡಕ್ಕೆ ಬಾ’ ಅಂತ ಕೂಗುವವನು ಅವನೇ. ಆ ಜಾಗಕ್ಕೆ ಮುಂದೆ ಜೇಕ್ ಟರ್ಪಿನ್, ಕೋರಿ ಪೇಕ್ಸ್, ಸೀಸನ್ ನಡುವೆ ಕರೆತಂದ ಐಸಾಕ್ ಲ್ಯೂಕ್, ಹೀಗೆ ಒಬ್ಬರಾದ ಮೇಲೆ ಒಬ್ಬರು ಬಂದರು. ಫುಲ್‌ಬ್ಯಾಕ್, ಫೈವ್-ಏಯ್ಟ್, ಹಾಫ್‌ಬ್ಯಾಕ್, ಹುಕರ್, ಈ ನಾಲ್ಕು ಸ್ಥಾನಗಳನ್ನು ರಗ್ಬಿ ಲೀಗ್‌ನಲ್ಲಿ ತಂಡದ ಬೆನ್ನೆಲುಬು ಅನ್ನುತ್ತಾರೆ. ಅವರು ನಾಲ್ವರೂ ಒಟ್ಟಿಗೆ ಹತ್ತಾರು ಪಂದ್ಯ ಆಡಿದಾಗಲೇ ಆಟ ಕೂಡಿಬರುವುದು. ಬ್ರಾಂಕೋಸ್‌ನಲ್ಲಿ ಆ ನಾಲ್ಕೂ ಸ್ಥಾನ ಅದಲುಬದಲಾಗುತ್ತಲೇ ಇದ್ದವು.

ಹಾಫ್‌ಬ್ಯಾಕ್ ಬ್ರೋಡಿ ಕ್ರಾಫ್ಟ್ ಮೇಲೆ ಆ ವರ್ಷ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಸೋಲುವ ತಂಡದ ಹಾಫ್‌ಬ್ಯಾಕ್ ಯಾವಾಗಲೂ ಕೆಟ್ಟವನಾಗಿ ಕಾಣುತ್ತಾನೆ, ಯಾಕೆಂದರೆ ಫಾರ್ವರ್ಡ್‌ಗಳು ಮೀಟರ್ ಗಳಿಸದಿದ್ದರೆ ಅವನು ತನ್ನದೇ 30 ಮೀಟರ್ ಗೆರೆಯ ಹತ್ತಿರ, ಮೈಮೇಲೆ ಬರುವವರ ನಡುವೆ ಒದೆಯಬೇಕು. ಅದೇ ಕ್ರಾಫ್ಟ್ 2022ರಲ್ಲಿ ಇಂಗ್ಲೆಂಡಿನ ಸಾಲ್ಫೋರ್ಡ್ ರೆಡ್ ಡೆವಿಲ್ಸ್‌ಗೆ ಹೋಗಿ, ಅಲ್ಲಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಮ್ಯಾನ್ ಆಫ್ ಸ್ಟೀಲ್ ಪ್ರಶಸ್ತಿ ಗೆದ್ದರು.

ಮ್ಯಾನ್ಲಿ ತಂಡದ ಎದುರಿನ ಜೂನ್ 11ರ ಪಂದ್ಯವನ್ನು ನೀವು ಎಲ್ಲಾದರೂ ಸಿಕ್ಕರೆ ಪೂರ್ತಿ ನೋಡಬೇಕು. 59-0 ಆಗಿ ಒಂದು ವಾರ. ಬ್ರಾಂಕೋಸ್ 18-0ರಿಂದ ಮುಂದಿತ್ತು. ಸೋತದ್ದು 20-18ರಿಂದ. ಇಂಥ ಹೊತ್ತಿನಲ್ಲಿ ಅನುಭವಿಗಳು ಮಾಡುವ ಕೆಲಸ ನೋಡಲು ಬೇಸರ ತರಿಸುವಂಥದ್ದು: ಐದು ಸಲ ನೇರ ಓಡು, ಚೆಂಡು ಬಿಡಬೇಡ, ಮೂಲೆಗೆ ಒದೆ, ಓಡಿಹೋಗಿ ಎದುರಾಳಿಯನ್ನು ಅವನ ಗೆರೆಯ ಹತ್ತಿರವೇ ಹಿಡಿ. ಇದನ್ನೇ ಮತ್ತೆ ಮತ್ತೆ ಮಾಡಿ ಗಡಿಯಾರ ಓಡಿಸಬೇಕು. ಅದನ್ನು ಮಾಡಿಸುವವರು ಮೈದಾನದಲ್ಲಿ ಇರಲಿಲ್ಲ. ಹುರುಪು ಇರಲಿಲ್ಲ ಅಂತ ಬೈದವರು ಆ ಪಂದ್ಯದ ಮೊದಲ ಭಾಗಕ್ಕೆ ಏನನ್ನುತ್ತಾರೋ ತಿಳಿಯದು.

ಹಣ ಇರುವ ಕ್ಲಬ್ ಒಂದಿಬ್ಬರು ಹಿರಿಯರನ್ನು ಕೊಂಡುಕೊಳ್ಳಬಾರದಿತ್ತೇ ಅಂತ ನಿಮಗೆ ಅನ್ನಿಸಬಹುದು. ಐಪಿಎಲ್ ನೋಡುವವರಿಗೆ ಈ ಪ್ರಶ್ನೆ ಸಹಜ. ಎನ್‌ಆರ್‌ಎಲ್‌ನಲ್ಲಿ ಹರಾಜು ಇಲ್ಲ. 30 ಜನರ ತಂಡಕ್ಕೆ ಇಷ್ಟೇ ಸಂಬಳ ಅಂತ ಎಲ್ಲ ಕ್ಲಬ್‌ಗಳಿಗೂ ಒಂದೇ ಮಿತಿ, ಹಾಗಾಗಿ ಶ್ರೀಮಂತ ಕ್ಲಬ್ಬಿನ ದುಡ್ಡು ಆಟಗಾರರ ವಿಷಯದಲ್ಲಿ ಒಂದು ಹಂತದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಫೈವ್-ಏಯ್ಟ್ ಆಂಟನಿ ಮಿಲ್‌ಫೋರ್ಡ್‌ಗೆ ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂತ ಆಗ ಪತ್ರಿಕೆಗಳು ಬರೆಯುತ್ತಿದ್ದವು. ಪ್ರತಿಭಾವಂತ ಹುಡುಗರೆಲ್ಲ ಒಟ್ಟಿಗೇ ಬೆಳೆದರೆ ಅವರೆಲ್ಲರ ಬೆಲೆಯೂ ಒಟ್ಟಿಗೇ ಏರುತ್ತದೆ. ಮಿತಿಯೊಳಗೆ ಅವರನ್ನು ಉಳಿಸಿಕೊಳ್ಳಲು ಮೊದಲು ಬಿಡುವುದು ಮೂವತ್ತು ದಾಟಿದವರನ್ನು.

ಇಷ್ಟು ಮಾಡಿಯೂ ಹುಡುಗರು ಉಳಿಯುತ್ತಾರೆ ಅನ್ನುವ ಖಾತ್ರಿಯಿಲ್ಲ. ಒಪ್ಪಂದದ ಕೊನೆಯ ವರ್ಷಕ್ಕೆ ಮೊದಲಿನ ನವೆಂಬರ್ 1ರಿಂದಲೇ ಆಟಗಾರ ಬೇರೆ ಕ್ಲಬ್ ಜೊತೆ ಮಾತಾಡಬಹುದು, ಸಹಿಯನ್ನೂ ಹಾಕಬಹುದು. ಆಮೇಲೂ ಒಂದು ಪೂರ್ತಿ ಸೀಸನ್ ಹಳೆಯ ಕ್ಲಬ್ಬಿಗೇ ಆಡುತ್ತಾನೆ. ಫಿಫಿಟಾ 2020ರ ಜುಲೈನಲ್ಲಿ ನೆರೆಯ ಗೋಲ್ಡ್ ಕೋಸ್ಟ್ ಟೈಟನ್ಸ್ ಕಡೆ ಹೋಗುವುದಾಗಿ ಪ್ರಕಟವಾಯಿತು; ಮೂರು ವರ್ಷಕ್ಕೆ ಸುಮಾರು 35 ಲಕ್ಷ ಡಾಲರ್ ಅಂತ ವರದಿ. ಸೋಲುತ್ತಿರುವ ತಂಡದ ಡ್ರೆಸಿಂಗ್ ರೂಮಿನಲ್ಲಿ ಇಂಥ ಸುದ್ದಿ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಯೋ-ಬಬಲ್ ಮತ್ತು ಖಾಲಿ ಮೈದಾನಗಳೇ ಕಾರಣ ಅನ್ನುವವರಿದ್ದಾರೆ. ಮೆಲ್ಬರ್ನ್ ಸ್ಟಾರ್ಮ್ ಆ ವರ್ಷ ಊರು ಬಿಟ್ಟು ಕ್ವೀನ್ಸ್‌ಲ್ಯಾಂಡಿನ ಸನ್‌ಶೈನ್ ಕೋಸ್ಟ್‌ನಲ್ಲಿ ಬಿಡಾರ ಹೂಡಿ, ಪೆನ್ರಿತ್ ತಂಡವನ್ನು 26-20ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ನ್ಯೂಜಿಲೆಂಡ್ ವಾರಿಯರ್ಸ್ ದೇಶ ಬಿಟ್ಟು ಬಂದು, ನಡುವೆ ಕೋಚ್‌ನನ್ನೂ ಕಳೆದುಕೊಂಡು, ಹತ್ತನೇ ಸ್ಥಾನ ಪಡೆಯಿತು. ಬ್ರಾಂಕೋಸ್ ಆಟಗಾರರು ತಮ್ಮ ಊರಲ್ಲೇ, ತಮ್ಮ ಮನೆಗಳಲ್ಲೇ ಇದ್ದರು. ಆಗಸ್ಟ್‌ನಲ್ಲಿ ಹತ್ತು ಆಟಗಾರರು ಪಬ್ ಒಂದಕ್ಕೆ ಹೋಗಿ ಬಬಲ್ ನಿಯಮ ಮುರಿದರೆಂದು ಕ್ಲಬ್ಬಿಗೆ ದಂಡ ಬಿತ್ತು. ಅದು ಶಿಸ್ತಿನ ಸಮಸ್ಯೆ, ಹೌದು. ಆದರೆ ಹಿರಿಯರಿದ್ದ ತಂಡದಲ್ಲಿ ಆ ಸಂಜೆ ‘ಬೇಡ, ಮನೆಗೆ ನಡೀರಿ’ ಅನ್ನುವ ದನಿಯೊಂದು ಇರುತ್ತಿತ್ತು.

ಕೋಚ್ ಆಂಟನಿ ಸೈಬೋಲ್ಡ್ 2018ರಲ್ಲಿ ರ‍್ಯಾಬಿಟೋಸ್ ತಂಡದೊಂದಿಗೆ ವರ್ಷದ ಶ್ರೇಷ್ಠ ಕೋಚ್ ಆಗಿದ್ದವರು. ಹಿಂದಿನ ಕೋಚ್ ವೇಯ್ನ್ ಬೆನೆಟ್‌ರನ್ನು ಕಳಿಸಿ, ಐದು ವರ್ಷದ ಒಪ್ಪಂದದ ಮೇಲೆ ಅವರನ್ನು ತಂದಿದ್ದರು. ಸೋಲುಗಳ ನಡುವೆ ಅವರ ಕುಟುಂಬದ ಬಗ್ಗೆ ಜಾಲತಾಣಗಳಲ್ಲಿ ಹರಡಿದ ಸುಳ್ಳು ಮಾತುಗಳು ಅತ್ಯಂತ ಹೇಯ, ಅದನ್ನು ಆಟದ ವಿಮರ್ಶೆ ಅನ್ನಲಾಗದು. ಆಗಸ್ಟ್ 26ರಂದು ರಾಜೀನಾಮೆ ಕೊಟ್ಟರು. ಪೀಟರ್ ಜೆಂಟಲ್ ಹಂಗಾಮಿ ಕೋಚ್ ಆಗಿ ಉಳಿದ ಐದು ಪಂದ್ಯ ನಡೆಸಿದರು, ಐದರಲ್ಲೂ ತಂಡ ಸೋತಿತು. ಆ ವರ್ಷ ಐದು ಕ್ಲಬ್‌ಗಳು ಸೀಸನ್ ನಡುವೆಯೇ ಕೋಚ್ ಬದಲಿಸಿದವು, ಯಾವುದೂ ಫೈನಲ್ಸ್ ಮುಟ್ಟಲಿಲ್ಲ. ಹುಡುಗರ ತಂಡಕ್ಕೆ ತೀರಾ ಹೆಚ್ಚು ಯೋಜನೆ, ತೀರಾ ಹೆಚ್ಚು ಅಂಕಿಅಂಶ ತುಂಬಿದರು ಎಂಬ ಟೀಕೆಯಲ್ಲಿ ಸ್ವಲ್ಪ ಸತ್ಯ ಇರಬಹುದು. ಆದರೆ ತಂಡದ ಆ ವಯಸ್ಸಿನ ರಚನೆ ಒಬ್ಬರ ಕೈಯಲ್ಲಿ, ಒಂದೇ ವರ್ಷದಲ್ಲಿ ಆದದ್ದಲ್ಲ.

ದುರಸ್ತಿ ಹೇಗಾಯಿತು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2021ಕ್ಕೆ ಕೆವಿನ್ ವಾಲ್ಟರ್ಸ್ ಕೋಚ್ ಆಗಿ ಬಂದರು, ಮೆಲ್ಬರ್ನ್‌ನಿಂದ ಡೇವ್ ಡೊನಾಹಿ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದರು. ಆ ವರ್ಷ 7 ಗೆಲುವು, 14ನೇ ಸ್ಥಾನ. ಕೋಚ್ ಬದಲಾದದ್ದರಿಂದ ಬಂದ ಲಾಭ ಅಷ್ಟೇ. 2022ಕ್ಕೆ ರ‍್ಯಾಬಿಟೋಸ್‌ನಿಂದ ಹಾಫ್‌ಬ್ಯಾಕ್ ಆ್ಯಡಮ್ ರೆನಾಲ್ಡ್ಸ್ ಬಂದರು, ಆಗ ಅವರಿಗೆ 31. ವಯಸ್ಸಾಯಿತೆಂದು ಹಳೆಯ ಕ್ಲಬ್ ದೀರ್ಘ ಒಪ್ಪಂದ ಕೊಡಲು ಹಿಂಜರಿದ ಆಟಗಾರ. ಬ್ರಾಂಕೋಸ್ ಅವರನ್ನೇ ಕ್ಯಾಪ್ಟನ್ ಮಾಡಿತು. ಪೆನ್ರಿತ್‌ನಿಂದ ಅನುಭವಿ ಫಾರ್ವರ್ಡ್ ಕರ್ಟ್ ಕೇಪ್‌ವೆಲ್ ಬಂದರು. ಆ ವರ್ಷ 13 ಗೆಲುವು, ಒಂಬತ್ತನೇ ಸ್ಥಾನ. 2023ಕ್ಕೆ ರೀಸ್ ವಾಲ್ಷ್ ಫುಲ್‌ಬ್ಯಾಕ್ ಆಗಿ ಮರಳಿದರು, ತಂಡ 18 ಪಂದ್ಯ ಗೆದ್ದು ಎರಡನೇ ಸ್ಥಾನದಲ್ಲಿ ನಿಂತು ಗ್ರ್ಯಾಂಡ್ ಫೈನಲ್‌ಗೆ ಹೋಯಿತು. ಪೆನ್ರಿತ್ ಎದುರು 24-8ರಿಂದ ಮುಂದಿದ್ದು 26-24ರಿಂದ ಸೋತಿತು.

ಆ ಫೈನಲ್‌ನ ಆಟಗಾರರ ಪಟ್ಟಿ ತೆಗೆದು ನೋಡಿ. ಮುಂದಿನ ಸಾಲಿನಲ್ಲಿ ಹಾಸ್, ಫ್ಲೆಗ್ಲರ್, ಅವರ ಹಿಂದೆ ಕ್ಯಾರಿಗನ್, ಸೆಂಟರ್‌ಗಳಾಗಿ ಸ್ಟ್ಯಾಗ್ಸ್ ಮತ್ತು ಹರ್ಬಿ ಫಾರ್ನ್‌ವರ್ತ್. 2020ರಲ್ಲಿ ಕೊನೆಗೆ ಬಿದ್ದ ತಂಡದಲ್ಲಿದ್ದವರೇ ಇವರೆಲ್ಲ. ಅವರ ವಯಸ್ಸು ಈಗ ಮೂರು ವರ್ಷ ಹೆಚ್ಚಾಗಿತ್ತು, ಮತ್ತು ಚೆಂಡು ಯಾವಾಗ ಎಲ್ಲಿಗೆ ಒದೆಯಬೇಕೆಂದು ತಿಳಿದ ಒಬ್ಬ ಹಿರಿಯ ಅವರ ಹಿಂದೆ ನಿಂತಿದ್ದ. 2024ರಲ್ಲಿ ತಂಡ ಮತ್ತೆ 12ಕ್ಕೆ ಜಾರಿತು, ವಾಲ್ಟರ್ಸ್ ಕೆಲಸ ಹೋಯಿತು. ಮೈಕಲ್ ಮೆಗ್ವಾಯರ್ ಕೋಚ್ ಆಗಿ ಬಂದ 2025ರಲ್ಲಿ, ಮೆಲ್ಬರ್ನ್ ಸ್ಟಾರ್ಮ್ ತಂಡವನ್ನು 26-22ರಿಂದ ಸೋಲಿಸಿ, 2006ರ ನಂತರದ ಮೊದಲ ಪ್ರಶಸ್ತಿಯನ್ನು ಬ್ರಾಂಕೋಸ್ ಗೆದ್ದಿತು. ಹಾಸ್ ಮತ್ತು ಕ್ಯಾರಿಗನ್ ಆಗಲೂ ಮೈದಾನದ ಮಧ್ಯದಲ್ಲೇ ಇದ್ದರು, ಕ್ಯಾಪ್ಟನ್ ರೆನಾಲ್ಡ್ಸ್‌ಗೆ ಆಗ 35.